ರೀಲ್ ಓಡುತ್ತಿದೆ, ಹಾಡು ಯಾರದು?

2024ರ ಮೊದಲ ತಿಂಗಳುಗಳಲ್ಲಿ ಕರ್ನಾಟಕದಲ್ಲಿ ಫೋನ್ ಹಿಡಿದವರಿಗೆಲ್ಲ ಒಂದು ಸಾಲು ಕಿವಿಗೆ ಬಿದ್ದೇ ಬಿದ್ದಿರುತ್ತದೆ: ‘ಕರಿಮಣಿ ಮಾಲೀಕ ನೀನಲ್ಲ’. ಹಾಡು 1999ರ ‘ಉಪೇಂದ್ರ’ ಚಿತ್ರದ್ದು, ಸಂಗೀತ ಗುರುಕಿರಣ್ ಅವರದು. ಇಪ್ಪತ್ತೈದು ವರ್ಷ ಹಳೆಯ ಸಾಲು ರೀಲ್‌ಗಳ ತಮಾಷೆಗೆ ಸಿಕ್ಕಿ ಮತ್ತೆ ಊರೆಲ್ಲ ಸುತ್ತಿತು. ಮದುವೆ ಮನೆಯಲ್ಲಿ, ಕಾಲೇಜ್ ಡೇಯಲ್ಲಿ, ರಾಜಕೀಯದ ಟ್ರೋಲ್‌ಗಳಲ್ಲಿ ಎಲ್ಲ ಕಡೆ ಅದೇ.

ರೀಲ್ ಮಾಡಿದವರಿಗೆ ಇದರಿಂದ ಫಾಲೋವರ್ಸ್ ಸಿಗುತ್ತಾರೆ. ಹಾಡಿನ ಹಕ್ಕು ಯಾರ ಹತ್ತಿರ ಇದೆಯೋ ಅವರಿಗೆ ಹಾಡಿನ ದುಡ್ಡು ಹೋಗುತ್ತದೆ. ಈ ಎರಡೂ ಬೇರೆ ಬೇರೆ ಲೆಕ್ಕ. ನಮ್ಮ ಎಷ್ಟೋ ಹಾಡುಗಾರರಿಗೆ ಇದು ಗೊತ್ತಾಗುವುದು ವೈರಲ್ ಆದ ಮೇಲೆ, ಅಂದರೆ ತಡವಾಗಿ.

ಅಡುಗೆ ಮಾಡಿ ತೋರಿಸುವವರಿಗೆ ವಿಡಿಯೋನೇ ಸರಕು. ಸಂಗೀತಗಾರರಿಗೆ ವಿಡಿಯೋ ಬರೀ ಪೋಸ್ಟರ್, ಸರಕು ಇರುವುದು ಹಾಡಿನಲ್ಲಿ. ಪೋಸ್ಟರ್ ನೋಡಲು ಹತ್ತು ಲಕ್ಷ ಜನ ಬಂದು ನಿಂತಿದ್ದಾರೆ, ಹಿಂದೆ ಅಂಗಡಿಯೇ ಇಲ್ಲ ಅಂದರೆ ಏನು ಪ್ರಯೋಜನ?

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ಗದಗ ಕಡೆಯ ಒಬ್ಬ ಹುಡುಗಿ, ಸಂಜೆ ಮನೆಯ ಮಾಳಿಗೆ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಶಿಶುನಾಳ ಷರೀಫರ ತತ್ವಪದ ಹಾಡಿದಳು ಅಂದುಕೊಳ್ಳಿ. ಅವಳ ತಮ್ಮ ಫೋನಿನಲ್ಲಿ ನಲವತ್ತು ಸೆಕೆಂಡ್ ಹಿಡಿದ. ಶನಿವಾರ ರಾತ್ರಿ ಹಾಕಿದರು. ಸೋಮವಾರ ಬೆಳಗ್ಗೆ ಏಳುವಷ್ಟರಲ್ಲಿ ಒಂಬತ್ತು ಲಕ್ಷ ಜನ ನೋಡಿದ್ದಾರೆ. ಫೋನ್ ಬಿಸಿಯಾಗುವಷ್ಟು ಮೆಸೇಜ್. ಈಗ ಏನು?

ಹೋಳಿಗೆಯೂ ಹೋಳಿಗೆ ಮಾಡುವ ವಿಧಾನವೂ

ಮೊದಲ ಪ್ರಶ್ನೆ: ಅವಳು ಹಾಡಿದ್ದು ಯಾರ ಹಾಡು? ಇದೇನು ಕೇಳೋ ಮಾತಾ, ಷರೀಫರದ್ದು ಅಂತೀರಿ. ಅಷ್ಟು ಸಲೀಸಲ್ಲ.

ಕಾನೂನಿನ ಕಣ್ಣಲ್ಲಿ ಒಂದು ಹಾಡಿನಲ್ಲಿ ಎರಡು ಆಸ್ತಿ ಇವೆ. ಒಂದು, ಸಾಹಿತ್ಯ ಮತ್ತು ರಾಗಸಂಯೋಜನೆ. ಇನ್ನೊಂದು, ಅದನ್ನು ಹಾಡಿ ರೆಕಾರ್ಡ್ ಮಾಡಿದ ಧ್ವನಿಮುದ್ರಿಕೆ. ಹೋಳಿಗೆ ಮಾಡುವ ವಿಧಾನ ಒಂದು, ತಟ್ಟೆಗೆ ಬಿದ್ದ ಹೋಳಿಗೆ ಇನ್ನೊಂದು. ವಿಧಾನ ಊರಿಗೆಲ್ಲ ಸೇರಿದ್ದಿರಬಹುದು. ಹಾಗಂತ ಪಕ್ಕದ ಮನೆಯವರ ತಟ್ಟೆಗೆ ಕೈ ಹಾಕುವ ಹಾಗಿಲ್ಲ.

‘ಸೋಜುಗದ ಸೂಜುಮಲ್ಲಿಗೆ’ಯನ್ನೇ ನೋಡಿ. ಅದು ಮಾದಪ್ಪನ ಜನಪದ ಹಾಡು, ಬರೆದವರ ಹೆಸರಿಲ್ಲ. ಅನನ್ಯ ಭಟ್ ಹಾಡಿದ ರೂಪ ದೇಶದ ತುಂಬ ಓಡಿತು. 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರಕ್ಕೆ ಚೈತ್ರಾ ಆಚಾರ್ ಹಾಡಿದ್ದು ಇನ್ನೊಂದು ರೂಪ. ಪದ ಎಲ್ಲರದೂ ಹೌದು, ಆದರೆ ಒಂದೊಂದು ರೆಕಾರ್ಡಿಂಗಿಗೂ ಅದರದೇ ಒಡೆಯರಿದ್ದಾರೆ. ನೀವು ನಿಮ್ಮ ಗಂಟಲಿನಲ್ಲಿ, ನಿಮ್ಮ ವಾದ್ಯದಲ್ಲಿ ಹಳೆಯ ಜನಪದ ಧಾಟಿಯನ್ನು ಹೊಸದಾಗಿ ಹಾಡಿದರೆ ಆ ರೆಕಾರ್ಡಿಂಗ್ ನಿಮ್ಮದು. ಅವರ ಟ್ರ್ಯಾಕ್ ಮೇಲೆ ತುಟಿ ಆಡಿಸಿದರೆ ಅಲ್ಲ.

ಷರೀಫರ ವಿಷಯ ಇನ್ನೂ ಸೂಕ್ಷ್ಮ. ಅವರು ತೀರಿಕೊಂಡಿದ್ದು 1889ರಲ್ಲಿ. ನಮ್ಮಲ್ಲಿ ಬರೆದವರು, ಸಂಗೀತ ಹಾಕಿದವರು ಬದುಕಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಹಾಗಾಗಿ ಷರೀಫರ ಪದಗಳಿಗೆ ಹಕ್ಕಿನ ತಕರಾರಿಲ್ಲ. ಆದರೆ ನಮ್ಮ ಕಿವಿಯಲ್ಲಿ ಕೂತಿರುವ ಎಷ್ಟೋ ಷರೀಫ್ ಪದಗಳ ಧಾಟಿ ಸಿ. ಅಶ್ವತ್ಥ್ ಅವರದು. ಅಶ್ವತ್ಥ್ ತೀರಿಕೊಂಡಿದ್ದು 2009ರ ಡಿಸೆಂಬರ್‌ನಲ್ಲಿ. ಅಂದರೆ ಅವರ ಸಂಯೋಜನೆಯ ಹಕ್ಕು 2069ರ ಕೊನೆಯವರೆಗೆ ಉಳಿಯುತ್ತದೆ. ಪದ ಎಲ್ಲರದು, ಧಾಟಿ ಒಬ್ಬರದು! ಅದೇ ಪದಕ್ಕೆ ನಿಮ್ಮೂರಿನ ಭಜನಾ ಮಂಡಳಿಯ ಹಳೇ ಧಾಟಿ ಇದ್ದರೆ ಅಥವಾ ನೀವೇ ಹೊಸದು ಕಟ್ಟಿದರೆ ತಲೆನೋವೇ ಇಲ್ಲ.

ಭಾವಗೀತೆ ಹಾಡುವವರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಅವರ ಕವಿತೆಗಳ ಹಕ್ಕು 2041ರ ಕೊನೆವರೆಗೆ. ಕುವೆಂಪು 1994ರಲ್ಲಿ, ಅವರದು 2054ರವರೆಗೆ. ವಚನ, ದಾಸರ ಪದಗಳ ಸಾಹಿತ್ಯ ಯಾರ ಸ್ವತ್ತೂ ಅಲ್ಲ, ಆದರೆ ಅಲ್ಲೂ ಧಾಟಿಯ ಪ್ರಶ್ನೆ ಇದ್ದೇ ಇದೆ. ಇದೆಲ್ಲ ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ನೂರು ಜನ ನೋಡಿದಾಗ ಯಾರೂ ಕೇಳುವುದಿಲ್ಲ, ಒಂಬತ್ತು ಲಕ್ಷ ಆದಾಗ ಕೇಳುತ್ತಾರೆ. ವೈರಲ್ ಅಂದರೆ ಹಕ್ಕುದಾರರ ಕಣ್ಣಿಗೂ ಬೀಳುವುದು ಅಂತ ಅರ್ಥ.

ಸಿನಿಮಾ ಹಾಡಿನ ಕವರ್, ಅಂದರೆ ಅದನ್ನು ತಾವೇ ಹಾಡಿದ ರೂಪ, ಹಾಕಿದವರಿಗೆ ಯೂಟ್ಯೂಬ್‌ನಿಂದ ‘ಕ್ಲೈಮ್’, ಅಂದರೆ ಈ ಹಾಡಿನ ಹಕ್ಕು ಬೇರೆಯವರದು ಅನ್ನುವ ಸೂಚನೆ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಿ ವಿಡಿಯೋ ಅಳಿಸಿಬಿಟ್ಟವರಿದ್ದಾರೆ. ಕ್ಲೈಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೈಮ್ ಬಂದರೆ ಸಾಮಾನ್ಯವಾಗಿ ವಿಡಿಯೋ ಅಲ್ಲೇ ಇರುತ್ತದೆ, ಜಾಹೀರಾತಿನ ದುಡ್ಡು ಮಾತ್ರ ಹಕ್ಕುದಾರರಿಗೆ ಹೋಗುತ್ತದೆ. ಸ್ಟ್ರೈಕ್ ಹಾಗಲ್ಲ, ವಿಡಿಯೋ ತೆಗೆದೇ ಹಾಕುತ್ತಾರೆ. 90 ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಗುತ್ತದೆ.

ಯೂಟ್ಯೂಬ್‌ನಲ್ಲಿ ಸಿಕ್ಕ ಬೀಟ್, ಅಂದರೆ ಯಾರೋ ಮಾಡಿಟ್ಟ ಹಿನ್ನೆಲೆ ಸಂಗೀತ, ಹಾಕಿಕೊಂಡು ರ‍್ಯಾಪ್ ಮಾಡುವ ಹುಡುಗರಿಗೂ ಒಂದು ಮಾತು. ಲಿಲ್ ನ್ಯಾಸ್ ಎಕ್ಸ್ ಎಂಬ ಅಮೆರಿಕದ ಹುಡುಗ 30 ಡಾಲರ್ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಬೀಟ್ ತೆಗೆದುಕೊಂಡಿದ್ದ. ಅದರ ಮೇಲೆ ಹಾಡಿದ ‘ಓಲ್ಡ್ ಟೌನ್ ರೋಡ್’ ಟಿಕ್‌ಟಾಕ್‌ನಲ್ಲಿ ಹಬ್ಬಿ, 2019ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ಕೂತಿತು. ಆದರೆ ಆ ಬೀಟ್ ಒಳಗೆ ನೈನ್ ಇಂಚ್ ನೇಲ್ಸ್ ತಂಡದ ಹಳೆಯ ತುಣುಕು ಸೇರಿಕೊಂಡಿತ್ತು. ಕೊನೆಗೆ ಆ ತಂಡದವರ ಹೆಸರೂ ಹಾಡಿನ ಕರ್ತೃಗಳ ಪಟ್ಟಿಗೆ ಸೇರಿತು. ಬೀಟ್ ಕೊಳ್ಳುವಾಗ ರಸೀದಿ ಮತ್ತು ಷರತ್ತುಗಳ ಪುಟವನ್ನು ಇಟ್ಟುಕೊಳ್ಳಿ. ಪುಕ್ಕಟೆ ಬೀಟ್ ಆದರೆ ಇನ್ನೂ ಹುಷಾರು.

‘ಒರಿಜಿನಲ್ ಆಡಿಯೋ’ ಅನ್ನುವ ಅನಾಮಿಕ

ನಮ್ಮ ಗದಗದ ಹುಡುಗಿ ಧಾಟಿ ತನ್ನದೇ ಕಟ್ಟಿದ್ದಳು ಅಂದುಕೊಳ್ಳೋಣ. ಒಳ್ಳೆಯದಾಯಿತು. ಆದರೆ ಅವಳ ರೀಲ್ ಕೆಳಗೆ ಧ್ವನಿಯ ಹೆಸರು ಏನಿದೆ? ‘ಒರಿಜಿನಲ್ ಆಡಿಯೋ’ ಅಂತಿದೆ. ಜನ ಅದೇ ಧ್ವನಿ ಎತ್ತಿಕೊಂಡು ತಮ್ಮ ಮಗು, ಮಳೆ, ಎಮ್ಮೆ ಎಲ್ಲದಕ್ಕೂ ಹಾಕಿ ಐದು ಸಾವಿರ ರೀಲ್ ಮಾಡಿದರು. ಹಾಡು ಓಡುತ್ತಿದೆ, ಹೆಸರಿಲ್ಲದೆ.

ಇನ್‌ಸ್ಟಾಗ್ರಾಮ್‌ನಲ್ಲಿ ಆ ಹೆಸರನ್ನು ಬದಲಿಸಬಹುದು. ಹಾಡಿನ ಹೆಸರು, ತನ್ನ ಹೆಸರು ಹಾಕಬೇಕು. ಒಂದು ನಿಮಿಷದ ಕೆಲಸ, ಬಹಳ ಜನ ಮಾಡುವುದಿಲ್ಲ. ಆದರೆ ಇದು ಬರೀ ಹೆಸರು. ದುಡ್ಡಿನ ಲೆಕ್ಕಕ್ಕೆ ಸೇರಬೇಕಾದರೆ ಹಾಡು ಒಬ್ಬ ಡಿಸ್ಟ್ರಿಬ್ಯೂಟರ್ ಮೂಲಕ ಹೋಗಬೇಕು. ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಥರದ ಸಂಸ್ಥೆಗಳು ಈ ಕೆಲಸ ಮಾಡುತ್ತವೆ. ನೀವು ಹಾಡಿನ ಫೈಲ್, ಮುಖಚಿತ್ರ, ಬರೆದವರ ಹೆಸರು ಕೊಡುತ್ತೀರಿ. ಅವರು ಅದನ್ನು ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್, ಇನ್‌ಸ್ಟಾಗ್ರಾಮ್‌ನ ಹಾಡಿನ ಭಂಡಾರ ಇಲ್ಲೆಲ್ಲ ತಲುಪಿಸುತ್ತಾರೆ. ಕೆಲವರು ವರ್ಷಕ್ಕೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ, ಕೆಲವರು ಬಂದದ್ದರಲ್ಲಿ ಪಾಲು.

ಅವರ ಕಡೆಯಿಂದಲೇ ನಿಮ್ಮ ರೆಕಾರ್ಡಿಂಗಿಗೆ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ ಮತ್ತು ಅಂಕಿಗಳ ಗುರುತು ಸಿಗುತ್ತದೆ. ಇದನ್ನು ಹಾಡಿನ ಆಧಾರ್ ಅನ್ನಬಹುದು. ಎಲ್ಲಿ ಓಡಿದರೂ ಲೆಕ್ಕ ಇದರ ಮೇಲೆ ಬೀಳುತ್ತದೆ. ಜೊತೆಗೆ ಯೂಟ್ಯೂಬ್‌ನ ಕಂಟೆಂಟ್ ಐಡಿಗೆ, ಅಂದರೆ ಯಾರ ವಿಡಿಯೋದಲ್ಲಿ ಹಾಡು ಬಂದರೂ ಗುರುತು ಹಿಡಿಯುವ ವ್ಯವಸ್ಥೆಗೆ, ಸೇರಿಸಬೇಕಾ ಅಂತ ಕೇಳುತ್ತಾರೆ. ಹಾಡು ಪೂರ್ತಿ ನಿಮ್ಮದೇ ಆಗಿದ್ದರೆ ಹೂಂ ಅನ್ನಿ. ಆಗ ಬೇರೆಯವರು ನಿಮ್ಮ ಧ್ವನಿ ಹಾಕಿ ಮಾಡಿದ ವಿಡಿಯೋದಿಂದಲೂ ನಿಮಗೆ ಪಾಲು ಬರುತ್ತದೆ. ಬೀಟ್ ಬಾಡಿಗೆಯದ್ದಾಗಿದ್ದರೆ ಬೇಡ. ಅದೇ ಬೀಟ್ ಕೊಂಡ ಇನ್ನೊಬ್ಬರ ಜೊತೆ ಜಗಳ ಶುರುವಾಗುತ್ತದೆ.

ತೊಡಕು ಒಂದೇ. ಹಾಡು ಕೊಟ್ಟ ಮೇಲೆ ಎಲ್ಲ ಕಡೆ ಕಾಣಿಸಲು ಕೆಲವು ದಿನ ಬೇಕು. ಸೋಮವಾರ ವೈರಲ್ ಆಗಿ, ಮಂಗಳವಾರ ಸ್ಟುಡಿಯೋ ಹುಡುಕಿ, ಶುಕ್ರವಾರ ರೆಕಾರ್ಡ್ ಮಾಡಿ, ಮುಂದಿನ ವಾರ ಅಪ್‌ಲೋಡ್ ಮಾಡಿದರೆ ಹಾಡು ಅಂಗಡಿಗೆ ಬರುವಷ್ಟರಲ್ಲಿ ಜಾತ್ರೆ ಮುಗಿದಿರುತ್ತದೆ. ಅದಕ್ಕೇ ನನ್ನ ಅಭಿಪ್ರಾಯ: ಪೂರ್ತಿ ಹಾಡು ಮೊದಲು, ರೀಲ್ ಆಮೇಲೆ. ಸ್ಪಾಟಿಫೈ ತನ್ನ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ಕಳಿಸಲು ಅವಕಾಶ ಕೊಡುವುದೂ ಬಿಡುಗಡೆಗೆ ಮುಂಚೆಯೇ. ಕನಿಷ್ಠ ಏಳು ದಿನ ಮೊದಲು ಕಳಿಸಿ ಅನ್ನುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ನಾನು ಇದಕ್ಕೆ ಜಾಸ್ತಿ ಬೆಲೆ ಕೊಡುತ್ತೇನೆ. ಜನ ಹಾಡನ್ನು ಹುಡುಕುವುದು ನೀವಿಟ್ಟ ಹೆಸರಿನಿಂದ ಅಲ್ಲ, ಅವರ ಕಿವಿಗೆ ಅಂಟಿದ ಸಾಲಿನಿಂದ. ಮೊದಲೇ ಹೇಳಿದ ಚಿತ್ರಗೀತೆ ಶುರುವಾಗುವುದು ‘ಏನಿಲ್ಲ ಏನಿಲ್ಲ’ ಅಂತ. ಹುಡುಕಿದವರು ಟೈಪ್ ಮಾಡಿದ್ದು ಕರಿಮಣಿ ಅಂತ. ಅದರಲ್ಲೂ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವವರು. ‘ಮಾಲೀಕ’ ಬರೆಯಲು ಒಂದು ‘ಎ’ ಹಾಕುವವರಿದ್ದಾರೆ, ಎರಡು ಹಾಕುವವರಿದ್ದಾರೆ, ‘ಐ’ ಹಾಕುವವರೂ ‘ಇಇ’ ಹಾಕುವವರೂ ಇದ್ದಾರೆ. ಯೂಟ್ಯೂಬ್ ಶೀರ್ಷಿಕೆ, ವಿವರಣೆಯಲ್ಲಿ ಆ ಅಂಟಿದ ಸಾಲು ಕನ್ನಡದಲ್ಲೂ ಇರಲಿ, ಈ ಎರಡು ಮೂರು ಥರದ ಇಂಗ್ಲಿಷ್ ಅಕ್ಷರದಲ್ಲೂ ಇರಲಿ.

ದುಡ್ಡು ಎಲ್ಲಿಂದ, ಎಷ್ಟು

ವ್ಯೂಸ್ ನೋಡಿ ಬೈಕ್ ಬುಕ್ ಮಾಡಬೇಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಇಷ್ಟು ಜನ ನೋಡಿದರೆ ಇಷ್ಟು ರೂಪಾಯಿ ಅಂತ ಕಾಯುತ್ತ ಕೂರಬೇಡಿ. ಯೂಟ್ಯೂಬ್ ಜಾಹೀರಾತಿನ ಪಾಲು ಕೊಡುತ್ತದೆ, ಆದರೆ ಬಾಗಿಲಲ್ಲೇ ಷರತ್ತು ಇದೆ. 1,000 ಸಬ್‌ಸ್ಕ್ರೈಬರ್ಸ್ ಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವ್ಯೂಸ್ ಆಗಿರಬೇಕು. ಒಳಗೆ ಹೋದ ಮೇಲೆ ಉದ್ದದ ವಿಡಿಯೋಗಳ ಜಾಹೀರಾತಿನಲ್ಲಿ ಶೇ. 55 ನಿಮ್ಮದು. ಶಾರ್ಟ್ಸ್‌ನದ್ದು ಸುತ್ತುಬಳಸಿನ ಲೆಕ್ಕ: ಎಲ್ಲರ ಜಾಹೀರಾತಿನ ದುಡ್ಡನ್ನು ಒಂದು ರಾಶಿ ಹಾಕಿ, ಹಾಡು ಬಳಸಿದ ವಿಡಿಯೋಗಳ ಭಾಗದಿಂದ ಹಾಡಿನ ಹಕ್ಕುದಾರರಿಗೆ ಒಂದಿಷ್ಟು ತೆಗೆದಿಟ್ಟು, ಉಳಿದದ್ದನ್ನು ವ್ಯೂಸ್ ಪ್ರಕಾರ ಹಂಚಿ, ಅದರಲ್ಲಿ ಶೇ. 45 ಕೊಡುತ್ತಾರೆ. ಆ ತೆಗೆದಿಟ್ಟ ಭಾಗಕ್ಕೂ ಕೈ ಚಾಚಬೇಕಾದರೆ ಹಾಡು ನಿಮ್ಮ ಹೆಸರಲ್ಲಿ ಭಂಡಾರದಲ್ಲಿರಬೇಕು. ಮತ್ತೆ ಅದೇ ಮಾತಿಗೆ ಬಂದೆವು.

ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್. 2024ರಿಂದ ಇನ್ನೊಂದು ನಿಯಮ ಬಂದಿದೆ. ಹಿಂದಿನ 12 ತಿಂಗಳಲ್ಲಿ ಒಂದು ಹಾಡಿಗೆ 1,000 ಸ್ಟ್ರೀಮ್ ಆಗದಿದ್ದರೆ ಅದಕ್ಕೆ ದುಡ್ಡಿಲ್ಲ. ಆದ ಮೇಲೂ ಪೈಸೆಗಳ ಲೆಕ್ಕವೇ.

ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಇನ್ನೊಂದು ಕಾಲುವೆ ಇದೆ: ಐಪಿಆರ್‌ಎಸ್. 1969ರಲ್ಲಿ ಶುರುವಾದ ಸಂಸ್ಥೆ. ನಿಮ್ಮ ಸಾಹಿತ್ಯ, ಸಂಗೀತ ಯೂಟ್ಯೂಬ್‌ನಲ್ಲಿ, ಆ್ಯಪ್‌ಗಳಲ್ಲಿ, ವೇದಿಕೆಗಳಲ್ಲಿ ಬಳಕೆಯಾದಾಗ ಬರಬೇಕಾದ ರಾಯಲ್ಟಿಯನ್ನು ಅದು ವಸೂಲಿ ಮಾಡಿ ಹಂಚುತ್ತದೆ. ಡಿಸ್ಟ್ರಿಬ್ಯೂಟರ್ ಕೊಡುವುದು ರೆಕಾರ್ಡಿಂಗಿನ ದುಡ್ಡು, ಇದು ಬರಹ ಮತ್ತು ಸಂಯೋಜನೆಯದು. ಒಂದು ಬಂತು ಅಂತ ಇನ್ನೊಂದನ್ನು ಮರೆಯಬಾರದು. ಸದಸ್ಯರಾಗಿ, ಪ್ರತಿ ಹಾಡನ್ನೂ ನೋಂದಾಯಿಸಬೇಕು. ಹಾಡುವವರಿಗೆ ಇಸಾಮ್ರಾ ಎಂಬ ಬೇರೆ ಸಂಸ್ಥೆ ಇದೆ.

ಗೆಳೆಯರು ಸೇರಿ ಮಾಡಿದ ಹಾಡಾದರೆ, ಬರೆದವರಿಗೆ ಎಷ್ಟು, ರಾಗಕ್ಕೆ ಎಷ್ಟು, ಗಿಟಾರ್ ನುಡಿಸಿದವನಿಗೆ ಪಾಲೋ ಒಂದೇ ಸಲದ ಸಂಬಳವೋ, ಇದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಯಾವಾಗ? ಹಾಡು ಹಿಟ್ ಆಗುವ ಮೊದಲು, ಎಲ್ಲರೂ ಇನ್ನೂ ಒಟ್ಟಿಗೆ ಚಹಾ ಕುಡಿಯುತ್ತಿರುವಾಗ.

ಆ ಒಂದು ವಾರ

ಸ್ಕಾಟ್ಲೆಂಡಿನ ಏರ್‌ಡ್ರೀ ಪಟ್ಟಣದ ಕಡೆಯ ನೇಥನ್ ಇವಾನ್ಸ್ ಪೋಸ್ಟ್‌ಮ್ಯಾನ್ ಆಗಿದ್ದರು. 2020ರ ಡಿಸೆಂಬರ್ ಕೊನೆಯಲ್ಲಿ ‘ವೆಲ್ಲರ್‌ಮ್ಯಾನ್’ ಎಂಬ ನಾವಿಕರ ಹಳೆಯ ಹಾಡನ್ನು ಟಿಕ್‌ಟಾಕ್‌ನಲ್ಲಿ ಹಾಕಿದರು. ಮುಷ್ಟಿಯಿಂದ ಬಡಿದ ತಾಳ, ಒಂದು ಗಂಟಲು, ಅಷ್ಟೇ. ಬೇರೆಯವರು ಅದಕ್ಕೆ ಕೆಳಸ್ವರ ಸೇರಿಸಿದರು, ಪಿಟೀಲು ಸೇರಿಸಿದರು. ಜನವರಿಯಲ್ಲೇ ಪಾಲಿಡೋರ್ ಕಂಪನಿ ಜೊತೆ ಒಪ್ಪಂದವಾಯಿತು, ಹಾಡು ಬಿಡುಗಡೆಯಾಯಿತು. ಮಾರ್ಚ್‌ನಲ್ಲಿ ಅದರ ರೀಮಿಕ್ಸ್ ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಹೋಯಿತು. ಇಲ್ಲಿ ಗಮನಿಸಬೇಕಾದ್ದು ಎರಡು. ಹಾಡು ಯಾರ ಸ್ವತ್ತೂ ಅಲ್ಲದ ಹಳೆಯ ಹಾಡು, ಆದ್ದರಿಂದ ಅನುಮತಿಗಾಗಿ ಕಾಯಬೇಕಾಗಲಿಲ್ಲ. ಮತ್ತು ಹಾಡಿನಲ್ಲಿ ಬೇರೆಯವರು ಬಂದು ಕೂರಲು ಜಾಗವಿತ್ತು. ಸೋಬಾನೆ, ಕೋಲಾಟ, ಭಜನೆ ಹಾಡಿ ಬೆಳೆದ ನಮಗೆ ಸೊಲ್ಲು ಹಿಡಿಯುವುದು ಹೊಸದಾ? ಒಬ್ಬರು ಹಾಡಿ, ಉಳಿದವರು ಸೊಲ್ಲು ಹಿಡಿಯುವಂಥ ಹಾಡುಗಳು ಇಂಥ ಕಡೆ ಬೇಗ ಹಬ್ಬುತ್ತವೆ.

ಇನ್ನೊಂದು ದಾರಿ ಆಲಿವರ್ ಆಂಥನಿ ಎಂಬ ಅಮೆರಿಕದ ಹಾಡುಗಾರನದು. 2023ರ ಆಗಸ್ಟ್‌ನಲ್ಲಿ ಕಾಡಿನ ನಡುವೆ ನಿಂತು ಹಾಡಿದ ಒಂದೇ ವಿಡಿಯೋದಿಂದ ಬಿಲ್‌ಬೋರ್ಡ್ ಮೊದಲ ಸ್ಥಾನಕ್ಕೆ ಬಂದರು. ಅದಕ್ಕೂ ಮುಂಚೆ ಅವರ ಹೆಸರು ಬಿಲ್‌ಬೋರ್ಡ್‌ನ ಯಾವ ಪಟ್ಟಿಯಲ್ಲೂ ಇರಲಿಲ್ಲ. ದೊಡ್ಡ ಕಂಪನಿ ಹಿಂದಿರಲಿಲ್ಲ. ಆದರೆ ಫೋನಿನಲ್ಲೇ ರೆಕಾರ್ಡ್ ಮಾಡಿದ ಅವರ ಹಳೆಯ ಹಾಡುಗಳು ಆಗಲೇ ಆ್ಯಪ್‌ಗಳಲ್ಲಿ ಇದ್ದವು. ಒಂದು ಹಾಡು ಕೇಳಿ ಬಂದವರು ಉಳಿದವನ್ನೂ ಕೇಳಿದರು, ಕೊಂಡರು. ಮನೆಗೆ ಬಂದವರಿಗೆ ಕೊಡಲು ಡಬ್ಬಿಯಲ್ಲಿ ಏನಾದರೂ ಇರಬೇಕಲ್ವಾ?

ಬೆಂಗಳೂರಿನ ರ‍್ಯಾಪರ್ ಹನುಮಾನ್‌ಕೈಂಡ್ ಇನ್ನೂ ಹತ್ತಿರದ ಉದಾಹರಣೆ. 2024ರ ಜುಲೈನಲ್ಲಿ ಬಂದ ‘ಬಿಗ್ ಡಾಗ್ಸ್’ ವಿಡಿಯೋದಲ್ಲಿ ಜಾತ್ರೆಗಳಲ್ಲಿ ಬೈಕ್ ಓಡಿಸುವ ಮೃತ್ಯುಕೂಪವೇ ರಂಗಸ್ಥಳ. ಜಗತ್ತಿನ ತುಂಬ ಜನ ಬಾಯಿಬಿಟ್ಟುಕೊಂಡು ನೋಡಿದರು. ಅಮೆರಿಕದ ಪಟ್ಟಿಯಲ್ಲಿ 23ರವರೆಗೆ ಹೋಯಿತು. ಅಲ್ಲಿಗೆ ನಿಂತಿದ್ದರೆ ಒಂದು ಹಾಡಿನ ಕಥೆ. ಆದರೆ ಅವರು ವರ್ಷಗಳಿಂದ ಇಲ್ಲಿನ ವೇದಿಕೆಗಳಲ್ಲಿ ಹಾಡಿ ಪಳಗಿದ್ದವರು. 2025ರ ಮಾರ್ಚ್‌ನಲ್ಲಿ ಕೇರಳದ ಚೆಂಡೆಯ ಸದ್ದಿನ ‘ರನ್ ಇಟ್ ಅಪ್’ ತಂದರು. ಮುಂದಿನ ತಿಂಗಳೇ ಅಮೆರಿಕದ ದೊಡ್ಡ ಸಂಗೀತೋತ್ಸವ ಕೋಚೆಲ್ಲಾದ ವೇದಿಕೆ ಏರಿದರು.

ಗದಗದ ಹುಡುಗಿ ಇದರಿಂದ ತೆಗೆದುಕೊಳ್ಳಬೇಕಾದ್ದು ಇಷ್ಟು. ಓಡುತ್ತಿರುವ ವಿಡಿಯೋದ ಮೊದಲ ಕಾಮೆಂಟ್‌ನಲ್ಲಿ ಪೂರ್ತಿ ಹಾಡು ಎಲ್ಲಿ ಸಿಗುತ್ತದೆ ಅಂತ ಬರೆದು ಪಿನ್ ಮಾಡಬೇಕು. ಬಯೋದಲ್ಲಿ ಒಂದೇ ಲಿಂಕ್ ಮತ್ತು ಕಾರ್ಯಕ್ರಮಕ್ಕೆ ಕರೆಯುವವರಿಗೆ ಒಂದು ನಂಬರ್. ಅದು ಅಪ್ಪನ ನಂಬರ್ ಆದರೂ ಪರವಾಗಿಲ್ಲ, ಎತ್ತುವವರು ಬೇಕು. ಎರಡು ಮೂರು ದಿನದೊಳಗೆ ಎರಡನೇ ವಿಡಿಯೋ ಬರಬೇಕು, ಅದೇ ಮಾಳಿಗೆ, ಅದೇ ಹಾರ್ಮೋನಿಯಂ, ಬೇರೆ ಪದ. ಬಟ್ಟೆ, ಲೈಟು, ಡ್ರೋನ್ ಅಂತ ಹೋಗಿ ಹದಿನೈದು ದಿನ ಕಳೆಯಬಾರದು. ಜನ ಇಷ್ಟಪಟ್ಟಿದ್ದು ಆ ಮಾಳಿಗೆಯನ್ನು.

ಸಹಿ ಹಾಕುವ ಮೊದಲು

ಇದೇ ವಾರ ಕಂಪನಿಗಳ ಫೋನೂ ಬರುತ್ತದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಭುವನ್ ಬಾದ್ಯಾಕರ್ ನೆನಪಿದ್ದಾರಾ? ಕಡಲೆಕಾಯಿ ಮಾರುತ್ತ ಹಾಡಿದ ‘ಕಚ್ಚಾ ಬಾದಾಮ್’ 2022ರ ಆರಂಭದಲ್ಲಿ ದೇಶವನ್ನೇ ಕುಣಿಸಿತು. ಅವರ ಧ್ವನಿ ಬಳಸಿ ರೀಮಿಕ್ಸ್ ಮಾಡಿದ ಕಂಪನಿಯೊಂದು 3 ಲಕ್ಷ ರೂಪಾಯಿಗೆ ಒಪ್ಪಂದ ಮಾಡಿಕೊಂಡಿತು ಅಂತ ಆಗ ಸುದ್ದಿಯಾಗಿತ್ತು. ಮರುವರ್ಷ ಅವರೇ ಮಾಧ್ಯಮಗಳ ಮುಂದೆ ಅಳಲು ತೋಡಿಕೊಂಡರು: ತನ್ನದೇ ಹಾಡನ್ನು ಹಾಕಿದರೆ ಕಾಪಿರೈಟ್ ತಡೆ ಬರುತ್ತಿದೆ ಅಂತ.

ನಮ್ಮ ಕಾಪಿರೈಟ್ ಕಾಯ್ದೆ 1957ರದು. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿ ಸಮೇತ ಇರಲೇಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ ಐದು ವರ್ಷ ಅಂತಲೇ ಅರ್ಥ. ಯಾವ ಪ್ರದೇಶಕ್ಕೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಒಪ್ಪಂದಗಳಲ್ಲಿ ‘ಶಾಶ್ವತವಾಗಿ’, ‘ಇಡೀ ವಿಶ್ವಕ್ಕೆ’ ಅನ್ನುವ ಮಾತುಗಳು ಅಷ್ಟು ಪ್ರೀತಿಯಿಂದ ಬಂದು ಕೂತಿರುತ್ತವೆ. ಆ ಎರಡು ಮಾತಿನ ಕೆಳಗೆ ಗೆರೆ ಎಳೆದು, ಮೂರು ವರ್ಷಕ್ಕೆ ಆಗುತ್ತಾ, ಐದಕ್ಕೆ ಆಗುತ್ತಾ ಅಂತ ಕೇಳಿ. ಕೇಳಿದ್ದಕ್ಕೆ ಫೋನ್ ಇಟ್ಟರೆ ಇಡಲಿ. ಈ ಒಂದೇ ಹಾಡಾ, ಮುಂದೆ ಮಾಡುವ ಹಾಡುಗಳೂ ಸೇರಿವೆಯಾ, ನೋಡಿ. 2012ರ ತಿದ್ದುಪಡಿ ಬರಹಗಾರರ, ಸಂಗೀತಗಾರರ ಪರವಾಗಿ ದೊಡ್ಡ ಬದಲಾವಣೆ ತಂದಿತು: ಬರೆದವರು ಮತ್ತು ಸಂಗೀತ ಹಾಕಿದವರ ರಾಯಲ್ಟಿ ಹಕ್ಕನ್ನು ಕಂಪನಿಗೆ ಬಿಟ್ಟುಕೊಡಲು ಕಾನೂನೇ ಬಿಡುವುದಿಲ್ಲ. ಅದು ವಾರಸುದಾರರಿಗೆ ಅಥವಾ ಐಪಿಆರ್‌ಎಸ್ ಥರದ ಕಾಪಿರೈಟ್ ಸೊಸೈಟಿಗೆ ಮಾತ್ರ ಹೋಗಬಹುದು. ಓದಿ ಅರ್ಥವಾಗದಿದ್ದರೆ ಒಬ್ಬ ವಕೀಲರಿಗೆ ಫೀಸು ಕೊಟ್ಟು ತೋರಿಸಿ. ‘ಸಂಜೆಯೊಳಗೆ ಸಹಿ ಬೇಕು’ ಅಂದರೆ ಬೆಳಗ್ಗೆ ನೋಡೋಣ ಅನ್ನಿ.

ನವೆಂಬರ್ ಬರುತ್ತದೆ

2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳಿಗೆ ನಿಷೇಧ ಬಿತ್ತು. ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರು ಒಂದೇ ರಾತ್ರಿಯಲ್ಲಿ ಬರಿಗೈಯಾದರು. ಫಾಲೋವರ್ಸ್ ನಮ್ಮವರಲ್ಲ, ಆ್ಯಪ್‌ನವರು. ಹಾಗಾಗಿ ಬಂದವರಲ್ಲಿ ನೂರಕ್ಕೆ ಒಬ್ಬರನ್ನಾದರೂ ಬೇರೆ ಕಡೆಗೂ ಕರೆದುಕೊಂಡು ಹೋಗಿ, ಒಂದು ವಾಟ್ಸ್‌ಆ್ಯಪ್ ಚಾನೆಲ್‌ಗೋ ಇಮೇಲ್ ಪಟ್ಟಿಗೋ. ಒಂದೇ ಆ್ಯಪ್‌ನಲ್ಲಿ ಎಲ್ಲ ಮೊಟ್ಟೆ ಇಡುವ ಧೈರ್ಯ ನನಗಂತೂ ಇಲ್ಲ.

ಕನ್ನಡದ ಹಾಡುಗಾರರಿಗೆ ನಿಜವಾದ ಸಂಪಾದನೆ ಇನ್ನೂ ವೇದಿಕೆಯದೇ. ಗಣೇಶನ ಹಬ್ಬದಿಂದ ಶುರುವಾಗಿ ದಸರಾ, ಇಡೀ ನವೆಂಬರ್ ರಾಜ್ಯೋತ್ಸವ, ಆಮೇಲೆ ಊರ ಜಾತ್ರೆಗಳು, ಬಡಾವಣೆಗಳ ರಸಮಂಜರಿ. ಹೊರದೇಶದ ಕನ್ನಡ ಸಂಘಗಳೂ ಕರೆಯುತ್ತವೆ. ಅಮೆರಿಕದಲ್ಲಿ ‘ಅಕ್ಕ’ ಮತ್ತು ‘ನಾವಿಕ’ ಎಂಬ ಕನ್ನಡ ಸಂಘಟನೆಗಳ ಸಮ್ಮೇಳನಗಳಿವೆ, ಕೊಲ್ಲಿಯ ಊರುಗಳಲ್ಲಿ ಸಂಘಗಳಿವೆ. ನಿಮ್ಮ ವಿಡಿಯೋ ಯಾವ ಊರಿನವರು, ಯಾವ ದೇಶದವರು ನೋಡಿದ್ದಾರೆ ಅಂತ ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಎರಡೂ ತೋರಿಸುತ್ತವೆ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ‘ನಿಮ್ಮ ಹುಬ್ಬಳ್ಳಿಯಲ್ಲೇ ಇಷ್ಟು ಸಾವಿರ ಜನ ಕೇಳಿದ್ದಾರೆ’ ಅಂತ ಸಮಿತಿಯವರಿಗೆ ಕಳಿಸಲು ಇದಕ್ಕಿಂತ ಒಳ್ಳೆಯ ಪರಿಚಯಪತ್ರ ಇಲ್ಲ.

ಆದರೆ ನಲವತ್ತು ಸೆಕೆಂಡ್ ಹಾಡಿದವರನ್ನು ನಲವತ್ತು ನಿಮಿಷಕ್ಕೆ ಕರೆಯುತ್ತಾರೆ. ಅಷ್ಟು ಹಾಡುಗಳು ಬಾಯಲ್ಲಿರಬೇಕು, ಜೊತೆಗೆ ತಬಲಾದವರು, ಕೀಬೋರ್ಡಿನವರು ಗೊತ್ತಿರಬೇಕು. ಕರೆ ಬಂದಾಗ ಸೌಂಡ್ ಸಿಸ್ಟಮ್ ಯಾರದು, ಹೋಗಿ ಬರುವ ಖರ್ಚು ಯಾರದು, ಎಷ್ಟು ಜನರಿಗೆ ಊಟ ವಸತಿ, ಇದನ್ನು ಮೆಸೇಜ್‌ನಲ್ಲೇ ಬರೆಸಿಕೊಳ್ಳಿ. ಅಡ್ವಾನ್ಸ್ ಖಾತೆಗೆ ಬಿದ್ದ ಮೇಲೇ ಡೇಟ್ ಬರೆದುಕೊಳ್ಳಿ.